ನಾಯಕರನ್ನು ಅಳೆಯುವ ಕೊಳಗ



ಇಂದಿನ ಮಾತನ್ನು ಒಬ್ಬ ಹುಡುಗನ ಪ್ರಶ್ನೆಯಿಂದ ಆರಂಭಿಸುತ್ತೇನೆ.

ಒಮ್ಮೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ರಾಯಚೂರು ಜಿಲ್ಲೆಯ ಸಂತೆಕಲ್ಲೂರಿಗೆ ಹೋಗಿತ್ತು. 'ಕೃಷಿಜ್ಞಾನ ಪ್ರದೀಪಿಕೆ' ಎಂಬ ಕೃತಿಯನ್ನು ಬರೆದ ಘನಮಠ ಶಿವಯೋಗಿಗಳ ಊರದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬೇಸಾಯದ ಬಗ್ಗೆ ಕನ್ನಡದಲ್ಲಿ ಬರೆದ ಸ್ವಾಮಿಗಳ ಕುರಿತು ಒಂದು ಕಿರುಚಿತ್ರ ತಯಾರಿಸುವುದು ನಮ್ಮ ಉದ್ದೇಶವಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಕ್ಯಾಮರಾ ಇಳಿಸಿ ಚಹಾ ಕುಡಿಯುತ್ತ ಕುಳಿತಿದ್ದೆವು. ಬೆಳಗಿನಿಂದ ನಮ್ಮ ಹಿಂದೆಯೇ ಓಡಾಡುತ್ತಿದ್ದ ಪ್ರೌಢಶಾಲೆಯ ಹುಡುಗನೊಬ್ಬ ಹತ್ತಿರ ಬಂದು ನಿಂತ. "ಸರ್, ಒಂದು ಮಾತು ಕೇಳಲೇನ್ರಿ?" ಎಂದ. ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವುದು ಹೇಗೆಂದು ಕೇಳುತ್ತಾನೇನೋ ಎಂದುಕೊಂಡು "ಕೇಳಪ್ಪ" ಎಂದೆ. ಅವನು ಕೇಳಿದ್ದು ಬೇರೆಯೇ ಆಗಿತ್ತು.

"ನಮ್ಮಪ್ಪ ಸಿಂಧನೂರ ಕಡೆ ಹಮಾಲಿ ಮಾಡ್ತಾನ್ರಿ. ಹೋದ ವರ್ಷ ಸ್ಟ್ರೈಕ್ ಆಗಿತ್ರಿ. ನಾಲ್ಕು ದಿನ ಆದಮ್ಯಾಲ ಲೀಡರ್ ಬಂದು ಸಾವ್ಕಾರ್ರ ಕೂಡ ಮಾತಾಡಿ ಚೀಲಕ್ಕ ಒಂದು ರೂಪಾಯಿ ಹೆಚ್ಚು ಮಾಡಿಸಿದ್ರಿ. ಎಲ್ಲಾರೂ ಹಾರ ಹಾಕಿದ್ರು. ಆದ್ರ ನಮ್ಮಪ್ಪನ ಬೆನ್ನು ನೋವು ಹಂಗೇ ಐತ್ರಿ, ಸಾಲನೂ ಹಂಗೇ ಐತ್ರಿ. ಆ ಲೀಡರ್ ನಮ್ಮ ಪೈಕೀನ್ರಿ, ಸಾವ್ಕಾರ್ರ ಪೈಕೀನ್ರಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ವಿಚಾರ ಮಾಡಿ ಹೇಳ್ತೀನಿ ತಮ್ಮಾ" ಎಂದೆ. ಹಾಗೆ ಮಾಡಿದ ವಿಚಾರವೇ ಇಂದಿನ ಈ ಭಾಷಣ.

ಹುಡುಗ ಕೇಳಿದ ಪ್ರಶ್ನೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಸಮಾಜವಾದಿ ಪಕ್ಷದಲ್ಲಿ ಇದೇ ಪ್ರಶ್ನೆಯ ಮೇಲೆ ದೊಡ್ಡ ವಾಗ್ವಾದ ನಡೆಯಿತು. ಎಡುವರ್ಡ್ ಬರ್ನ್‌ಸ್ಟೈನ್ ಎಂಬ ಚಿಂತಕ, ಕಾರ್ಮಿಕರ ಬದುಕು ಕ್ರಾಂತಿಯಿಂದ ಒಮ್ಮೆಲೇ ಬದಲಾಗಬೇಕಾಗಿಲ್ಲ, ಕಾನೂನು, ಚುನಾವಣೆ, ಕಾರ್ಮಿಕ ಸಂಘ, ಸಹಕಾರ ಸಂಘಗಳ ಮೂಲಕ ಹಂತಹಂತವಾಗಿ ಸುಧಾರಿಸಬಹುದು ಎಂದು ವಾದಿಸಿದ. ಈ ದಾರಿಯನ್ನು ಸುಧಾರಣಾವಾದ ಎಂದು ಕರೆಯುತ್ತೇವೆ. ಅವನಿಗೆ ಉತ್ತರ ಕೊಟ್ಟವಳು ರೋಸಾ ಲಕ್ಸೆಂಬರ್ಗ್. ಆಗ ಆಕೆ ಇನ್ನೂ ಇಪ್ಪತ್ತೆಂಟರ ಆಸುಪಾಸಿನ ತರುಣಿ. ಸುಧಾರಣೆಯೇ ಗುರಿಯಾಗಿಬಿಟ್ಟರೆ ಕಾರ್ಮಿಕರು ಎಂದೆಂದಿಗೂ ಕೂಲಿಗಾಗಿ ಚೌಕಾಸಿ ಮಾಡುತ್ತಲೇ ಇರಬೇಕಾಗುತ್ತದೆ, ಯಜಮಾನಿಕೆಯ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ ಎಂಬುದು ಅವಳ ವಾದ. ಆದರೆ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ರೋಸಾ ಸುಧಾರಣೆಗಳನ್ನು ಬೇಡವೆನ್ನಲಿಲ್ಲ. ಸುಧಾರಣೆಗಾಗಿ ಹೋರಾಡುತ್ತಲೇ ಕಾರ್ಮಿಕರು ಸಂಘಟನೆಯನ್ನು ಕಲಿಯುತ್ತಾರೆ, ಸುಧಾರಣೆ ಸಾಧನ, ಸಮಾಜದ ಬದಲಾವಣೆ ಗುರಿ ಎಂದಳು.

ನಮ್ಮ ದೇಶದ ಎಡಪಂಥೀಯ ಪಕ್ಷಗಳಲ್ಲಿಯೂ ಸಮಾಜವಾದಿಗಳಲ್ಲಿಯೂ ಈ ಜಗಳ ಅನೇಕ ರೂಪಗಳಲ್ಲಿ ನಡೆದಿದೆ. ಒಬ್ಬರು ಇನ್ನೊಬ್ಬರನ್ನು 'ಮಾಲೀಕರ ಏಜೆಂಟ' ಎನ್ನುತ್ತಾರೆ. ಇವರು ಅವರನ್ನು 'ಬರಿಯ ಘೋಷಣೆಯವರು' ಎನ್ನುತ್ತಾರೆ. ನಾವು ಯಾರ ಮಾತನ್ನು ನಂಬಬೇಕು?

ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟ್ರು ಮೊದಲು ಕಲಿಸುತ್ತಿದ್ದ ಪಾಠವೆಂದರೆ, ಅಳೆಯುವ ಮುನ್ನ ಅಳತೆಗೋಲನ್ನು ಪರೀಕ್ಷಿಸುವುದು. ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಶೂನ್ಯ ದೋಷ ಇದ್ದರೆ ನೀವು ಎಷ್ಟೇ ಎಚ್ಚರದಿಂದ ಅಳೆದರೂ ಲೆಕ್ಕ ತಪ್ಪುತ್ತದೆ. ನಾಯಕರ ವಿಷಯದಲ್ಲಿಯೂ ಹೀಗೆಯೇ. ನಮ್ಮ ಜಾತಿಯವ, ನಮ್ಮ ಪಕ್ಷದವ, ನಮ್ಮ ಊರಿನವ ಎಂದಾಗ ನಮ್ಮ ಅಳತೆಗೋಲು ಒಂದು ಕಡೆ ವಾಲುತ್ತದೆ. ಬೇಡವಾದವನಿದ್ದರೆ ಇನ್ನೊಂದು ಕಡೆ ವಾಲುತ್ತದೆ. ಆದ್ದರಿಂದ ಮೊದಲು ಸರಿಯಾದ ಅಳತೆಯನ್ನು ಹುಡುಕೋಣ. ಅದಕ್ಕೆ ಕರ್ನಾಟಕದ ಇತಿಹಾಸದಲ್ಲಿಯೇ ಒಂದು ಅಳತೆಯ ಕಥೆ ಇದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಹಳ್ಳಿ. ಅಲ್ಲಿಯ ಗೇಣಿದಾರರು ಭೂಮಾಲೀಕರ ಗದ್ದೆ ಉತ್ತು ಬೆಳೆದ ಭತ್ತದಲ್ಲಿ ಗೇಣಿ ಅಳೆದುಕೊಡಬೇಕಾಗಿತ್ತು. ಭತ್ತವನ್ನು ಅಳೆಯುವ ಪಾತ್ರೆ ಕೊಳಗ. ಗೇಣಿ ತೆಗೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು ಎಂಬುದು ರೈತರ ದೂರಾಗಿತ್ತು. ಕೊಳಗ ದೊಡ್ಡದಾದರೆ ಲೆಕ್ಕದಲ್ಲಿ ಹತ್ತೇ ಇದ್ದರೂ ಕಣದಿಂದ ಹೋಗುವ ಭತ್ತ ಹೆಚ್ಚು. ನ್ಯಾಯವಾದ ಕೊಳಗದಲ್ಲಿ ಅಳೆಯಿರಿ ಎಂಬ ಬೇಡಿಕೆಯಿಂದ ಆರಂಭವಾದ ಅಸಮಾಧಾನ 1951ರ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ಹೆಗಲು ಕೊಟ್ಟರು. ಆ ವರ್ಷದ ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ರೈತರು ನೇಗಿಲು ಹೂಡಿ ಗದ್ದೆಗೆ ಇಳಿಯುವುದು, ಪೊಲೀಸರು ಬಂಧಿಸುವುದು, ಮರುದಿನ ಮತ್ತೊಂದು ತಂಡ ಇಳಿಯುವುದು, ಹೀಗೆ ಸತ್ಯಾಗ್ರಹ ಸಾಗಿತು.

ಆ ಕ್ಷಣದಲ್ಲಿ ಸತ್ಯಾಗ್ರಹಕ್ಕೆ ಪೂರ್ಣ ಗೆಲುವು ಸಿಗಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿಬಂದರು, ಗೇಣಿದಾರರ ಪ್ರಶ್ನೆ ಗದ್ದೆಯಿಂದ ಸಭೆಗೆ ಬಂತು. 1961ರಲ್ಲಿ ಭೂಸುಧಾರಣಾ ಶಾಸನ ರಚನೆಯಾಯಿತು. ಅದರಲ್ಲಿ ತೂತುಗಳು ಬಹಳ ಇದ್ದವು. ಕಡೆಗೆ 1974ರಲ್ಲಿ ದೇವರಾಜ ಅರಸರ ಸರ್ಕಾರ ಅದಕ್ಕೆ ಬಲವಾದ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೋಪಾಲಗೌಡರು ಇದನ್ನು ನೋಡಲು ಇರಲಿಲ್ಲ. ಅವರು 1972ರಲ್ಲಿಯೇ ತೀರಿಕೊಂಡಿದ್ದರು.

ಈ ಶಾಸನದ ಒಂದು ವಿಶೇಷವನ್ನು ನೋಡಿ. ಗೇಣಿದಾರ 7ನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಮಂಡಳಿಯಲ್ಲಿ ಅಧಿಕಾರಿಯ ಜೊತೆಗೆ ಸ್ಥಳೀಯ ಸದಸ್ಯರು ಇರುತ್ತಿದ್ದರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಬೇಕೆಂಬ ನಿಯಮವಿತ್ತು. ಅದರ ಮುಂದೆ ವಕೀಲರು ವಾದ ಮಾಡುವಂತಿರಲಿಲ್ಲ. ರೈತ ತಾನೇ ನಿಂತು "ಈ ಗದ್ದೆ ನಾನು ಉಳುತ್ತಿದ್ದೇನೆ" ಎಂದು ಹೇಳಬೇಕಾಗಿತ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಹೀಗೆ ಉಳುವ ಭೂಮಿಗೆ ಒಡೆಯರಾದವು. ಒಡೆಯನ ಕೈಯಲ್ಲಿದ್ದ ಕೊಳಗವನ್ನು ಚಿಕ್ಕದು ಮಾಡಿಸಲು ಹೊರಟ ಹೋರಾಟ, ಇಪ್ಪತ್ತಮೂರು ವರ್ಷಗಳಲ್ಲಿ ಕೊಳಗವನ್ನೇ ರೈತನ ಕೈಗೆ ಕೊಡುವಲ್ಲಿಗೆ ಮುಟ್ಟಿತು. ಕಾಗೋಡಿನಲ್ಲಿ ಅಂದು ಯಾರಾದರೂ "ಕೊಳಗದ ಅಳತೆ ಸಣ್ಣ ಬೇಡಿಕೆ, ಅದು ಬರಿಯ ಸುಧಾರಣೆ" ಎಂದು ಮನೆಯಲ್ಲಿ ಕುಳಿತಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಇದರಿಂದ ಮೊದಲನೆಯ ಅಳತೆ ಸಿಗುತ್ತದೆ. ಹೋರಾಟ ಮುಗಿದ ಮೇಲೆ ಕೊಳಗ ಯಾರ ಕೈಯಲ್ಲಿದೆ? ನಾಯಕನೇ ಬಂದು ಅಳೆದುಕೊಟ್ಟು ಹೋಗುತ್ತಾನೆಯೇ, ಇಲ್ಲವೆ ದುಡಿಯುವವನು ತಾನೇ ಅಳೆದು ಕೇಳುವಂತಾಗಿದೆಯೇ?

ಈ ಅಳತೆಗೆ ದೇಶದ ಮಟ್ಟದಲ್ಲಿಯೂ ಒಂದು ಒಳ್ಳೆಯ ಉದಾಹರಣೆ ಇದೆ. ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಯ ಕಾರ್ಮಿಕರನ್ನು ಸಂಘಟಿಸಿದ ಬಿ.ಪಿ. ವಾಡಿಯಾ ಅವರ ಮೇಲೆ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಕಾರ್ಮಿಕರನ್ನು ಸಂಘಟಿಸುವುದೇ ಮಾಲೀಕರಿಗೆ ಮಾಡಿದ ನಷ್ಟ ಎನ್ನುವಂಥ ಪರಿಸ್ಥಿತಿ ಆಗಿನದು. ಎನ್.ಎಂ. ಜೋಶಿ ಎಂಬ ಸೌಮ್ಯ ಸ್ವಭಾವದ ನಾಯಕರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ನಿರ್ಣಯ ಮಂಡಿಸಿದರು. ಐದು ವರ್ಷಗಳ ನಂತರ, 1926ರಲ್ಲಿ, ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಜೋಶಿ ಅವರನ್ನು ಕಮ್ಯುನಿಸ್ಟರು ಸುಧಾರಣಾವಾದಿ ಎಂದು ಟೀಕಿಸುತ್ತಿದ್ದರು. 1929ರಲ್ಲಿ ನಾಗಪುರದ ಅಧಿವೇಶನದಲ್ಲಿ ಎ.ಐ.ಟಿ.ಯು.ಸಿ. ಇಬ್ಭಾಗವಾದಾಗ ಅವರು ಸೌಮ್ಯವಾದಿಗಳೊಂದಿಗೆ ಹೊರಬಂದರು. ಆದರೆ 1926ರ ಆ ಕಾಯ್ದೆಯ ಆಸರೆಯಲ್ಲಿಯೇ ಮುಂದೆ ಎಲ್ಲ ಬಣ್ಣದ ಬಾವುಟದವರೂ ಸಂಘ ಕಟ್ಟಿದರು, ಅವರನ್ನು ಟೀಕಿಸಿದವರೂ ಸಹ. ಜೋಶಿ ಕಾರ್ಮಿಕರಿಗೆ ಕೊಡಿಸಿದ್ದು ಅವರೇ ಬಳಸಬಹುದಾದ ಒಂದು ಹತಾರ.

ಈಗ ಎರಡನೆಯ ಅಳತೆಗೆ ಬರೋಣ. ಅದಕ್ಕಾಗಿ ಮಲೆನಾಡಿನಿಂದ ಮತ್ತೆ ನಮ್ಮ ಹುಡುಗನ ರಾಯಚೂರು ಜಿಲ್ಲೆಗೆ ಹೋಗಬೇಕು.

ಈ ಪ್ರದೇಶ 1956ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ಅಲ್ಲಿ 1949ರಲ್ಲಿ ಜಹಗೀರುಗಳು ರದ್ದಾದವು, 1950ರಲ್ಲಿ ಗೇಣಿದಾರರ ರಕ್ಷಣೆಯ ಕಾಯ್ದೆ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಸಿಂಧನೂರಿನ ಕಪ್ಪು ನೆಲವನ್ನು ಭತ್ತದ ಕಣಜ ಮಾಡಿತು. ನೀರಾವರಿ ತಿಳಿದ ಆಂಧ್ರದ ರೈತರು ಬಂದು ಜಮೀನು ಕೊಂಡು 'ಕ್ಯಾಂಪು'ಗಳನ್ನು ಕಟ್ಟಿದರು. ಅಕ್ಕಿಗಿರಣಿಗಳು, ದಲ್ಲಾಳಿ ಅಂಗಡಿಗಳು ಬೆಳೆದವು. ಆದರೆ ಜಮೀನೇ ಇಲ್ಲದವನಿಗೆ, ಗೇಣಿದಾರನೂ ಆಗಿರದ ಕೂಲಿಯವನಿಗೆ 7ನೇ ನಂಬರಿನ ಫಾರಂನಿಂದ ಏನು ಬಂತು? ಅವನು ಯಾವ ಗದ್ದೆಯನ್ನು ತೋರಿಸಿ "ಇದು ನನ್ನ ಗೇಣಿ" ಎನ್ನಬೇಕಿತ್ತು? ಅವನ ಹೆಂಡತಿ ಸಸಿ ನಾಟಿ ಮಾಡಿದಳು, ಹತ್ತಿ ಬಿಡಿಸಿದಳು. ಅವನು ಚೀಲ ಹೊತ್ತ. ಕಾಲುವೆಯ ನೀರು ತಲುಪದ ಊರುಗಳವರು ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ, ಪುಣೆಗೆ ಗುಳೆ ಹೋದರು. ಭೂಸುಧಾರಣೆ ಎಂಬ ದೊಡ್ಡ ಸಾಧನೆಯ ಬಾಗಿಲ ಹೊರಗೆ ಅತಿ ಬಡವನೇ ನಿಂತಿದ್ದ. ಅರಸರ ಕಾಲದಲ್ಲಿ ಜೀತದ ಮತ್ತು ಸಾಲದ ಹೊರೆ ಇಳಿಸುವ, ಗುಡಿಸಲಿನ ಜಾಗಕ್ಕೆ ಹಕ್ಕು ಕೊಡುವ ಕ್ರಮಗಳೂ ಆದವು ನಿಜ. ಆದರೆ ಉಳುವ ನೆಲ ಅವನ ಪಾಲಿಗೆ ಬಂದದ್ದು ಕಡಿಮೆ.

ಆದ್ದರಿಂದ ಎರಡನೆಯ ಅಳತೆ ಇದು: ಒಪ್ಪಂದದ ಹೊರಗೆ ಉಳಿದವರು ಯಾರು? ಯಾವ ನಾಯಕನ ಗೆಲುವನ್ನೇ ನೋಡಿ, ಒಳಗೆ ಬಂದವರನ್ನು ಎಣಿಸುವಾಗ ಹೊರಗೆ ನಿಂತವರನ್ನೂ ಎಣಿಸಿ. ಇಂದು ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಕಾಯಂ ಕಾರ್ಮಿಕರಿಗೆ ಸಂಘವಿದೆ, ವೇತನ ಒಪ್ಪಂದವಿದೆ. ಅದೇ ಗೇಟಿನೊಳಗೆ ಅದೇ ಕೆಲಸ ಮಾಡುವ ಗುತ್ತಿಗೆ ಕಾರ್ಮಿಕನಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಕಾಯಂ ನೌಕರರ ಸಂಬಳ ಹೆಚ್ಚಿಸಿ ಗುತ್ತಿಗೆಯವರ ಮಾತೆತ್ತದ ನಾಯಕ ಕಾರ್ಮಿಕರ ಒಂದು ಭಾಗದ ಸೇವೆ ಮಾಡಿದ್ದಾನೆ. ಅದನ್ನು ಅಷ್ಟೆಂದೇ ಬರೆದುಕೊಳ್ಳಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಇದಕ್ಕೆ ಪ್ರತಿಯಾಗಿ, ಹೊರಗಿದ್ದವರನ್ನೇ ಮುಂದಿಟ್ಟುಕೊಂಡು ಬಂದ ಸುಧಾರಣೆಯೂ ಇದೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನಗಳ ಕೂಲಿಯನ್ನು ಹಕ್ಕಾಗಿ ಮಾಡಿತು, ಗಂಡಸಿಗೂ ಹೆಂಗಸಿಗೂ ಒಂದೇ ದರವಿಟ್ಟಿತು. ಆಗಿನ ಕೇಂದ್ರ ಸರ್ಕಾರಕ್ಕೆ ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟಿದ್ದವು. 2006ರ ಫೆಬ್ರವರಿಯಲ್ಲಿ ಯೋಜನೆ ಮೊದಲು ಆರಂಭವಾದ 200 ಜಿಲ್ಲೆಗಳಲ್ಲಿ ರಾಯಚೂರು ಸಹ ಒಂದು. ಕ್ರಾಂತಿಯೇನೂ ಆಗಲಿಲ್ಲ. ಆದರೆ ಕೆಲಸ ಕೇಳಿ ಅರ್ಜಿ ಕೊಟ್ಟ ಕೂಲಿಕಾರ ಹೆಣ್ಣುಮಗಳು ಪಂಚಾಯಿತಿ ಕಚೇರಿಯಲ್ಲಿ ರಸೀದಿ ಕೇಳಿ ಪಡೆಯುವ ಹಕ್ಕು ಗಳಿಸಿದಳು.

ಮೂರನೆಯ ಅಳತೆಯನ್ನು ನೆಲದೊಳಗೆ ಇಳಿದು ಹುಡುಕೋಣ. ನಮ್ಮ ರಾಜ್ಯದಲ್ಲಿ ಎರಡು ಹೆಸರಾಂತ ಚಿನ್ನದ ಗಣಿಗಳ ಊರುಗಳಿವೆ. ಒಂದು ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ಇನ್ನೊಂದು ಕೋಲಾರ ಜಿಲ್ಲೆಯ ಕೆ.ಜಿ.ಎಫ್.

ಕೆ.ಜಿ.ಎಫ್.ನಲ್ಲಿ ಬ್ರಿಟಿಷ್ ಕಂಪನಿಯ ಗಣಿಗಳಿದ್ದವು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಾಯಿಸುವ ಕ್ರಮದ ವಿರುದ್ಧ ಅಲ್ಲಿ ಸುಮಾರು ಮೂರು ವಾರ ಮುಷ್ಕರ ನಡೆಯಿತು. ಬೆರಳಚ್ಚು ತೆಗೆಯುವುದು ಕಳ್ಳರಿಗೆ, ನಮಗಲ್ಲ ಎಂಬ ಮಾನದ ಪ್ರಶ್ನೆ ಅದು. ಆಗ ಅಲ್ಲಿ ಮಾನ್ಯತೆ ಪಡೆದ ಸಂಘವೇ ಇರಲಿಲ್ಲ. ದೊಡ್ಡ ನಾಯಕರಿಲ್ಲದೆಯೂ ಕಾರ್ಮಿಕರು ಎದ್ದು ನಿಲ್ಲಬಲ್ಲರು ಎಂಬುದಕ್ಕೆ ಈ ಮುಷ್ಕರ ಸಾಕ್ಷಿ. 1940ರ ದಶಕದಲ್ಲಿ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದ ಕಮ್ಯುನಿಸ್ಟ್ ನಾಯಕರು ಅಲ್ಲಿ ಬಲವಾದ ಸಂಘ ಕಟ್ಟಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಇಂಥ ಬಲಿದಾನವಾದ ಊರಿನ ನಾಯಕರನ್ನು ಮಾಲೀಕರ ಏಜೆಂಟರೆಂದು ಕರೆಯಲು ಯಾರಿಗೂ ಬಾಯಿ ಬಾರದು.

ಅವರ ಹೋರಾಟದಿಂದ ಗಣಿ ಕಾರ್ಮಿಕರ ಬದುಕು ಸುಧಾರಿಸಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು. ಮಾಲೀಕ ಬದಲಾದ. ಆದರೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಯಲ್ಲಿ ಅದಿರಿನ ಸತ್ವ ಕಡಿಮೆಯಾಗುತ್ತ ಬಂತು, ಖರ್ಚು ಏರುತ್ತ ಹೋಯಿತು. ಸಂಬಳ, ಬೋನಸ್ಸು, ತುಟ್ಟಿಭತ್ಯೆಯ ಚೌಕಾಸಿಯಲ್ಲಿ ನುರಿತಿದ್ದ ಸಂಘಗಳ ಬಳಿ, ಗಣಿಯ ನಂತರ ಊರು ಹೇಗೆ ಬದುಕಬೇಕೆಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಸರ್ಕಾರದ ಬಳಿಯೂ ಇರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದ ಮುಂದೆ ಕೆ.ಜಿ.ಎಫ್.ನ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಸುಧಾರಣೆಯ ಮಿತಿ ಇಲ್ಲಿ ಕಾಣುತ್ತದೆ. ಸಂಬಳ ಹೆಚ್ಚಿಸುವ ನಾಯಕ ಬೇಕು, ಆದರೆ ನಾಳೆಯ ಬಗ್ಗೆ ಕಾರ್ಮಿಕರೊಂದಿಗೆ ಕುಳಿತು ಯೋಚಿಸದಿದ್ದರೆ ಹೆಚ್ಚಿಸಿದ ಸಂಬಳ ಗಣಿಯ ಜೊತೆಗೇ ಮುಚ್ಚಿಹೋಗುತ್ತದೆ.

ಹಟ್ಟಿಯ ಕಂಪನಿ 1947ರಲ್ಲಿ ಹೈದರಾಬಾದು ರಾಜ್ಯದಲ್ಲಿ ಸ್ಥಾಪನೆಯಾಗಿ ಈಗ ಕರ್ನಾಟಕ ಸರ್ಕಾರದ ಒಡೆತನದಲ್ಲಿದೆ. ಅಲ್ಲಿ ಚಿನ್ನದ ಉತ್ಪಾದನೆ ನಡೆಯುತ್ತಲೇ ಇದೆ. ಅಲ್ಲಿ ಬೇರೆ ಬೇರೆ ಎಡಪಂಥೀಯ ಸಂಘಗಳು ಕಾರ್ಮಿಕರ ಮತ ಕೇಳಿ ಚುನಾವಣೆಯಲ್ಲಿ ಸ್ಪರ್ಧಿಸುತ್ತವೆ. ಇದೊಂದು ಒಳ್ಳೆಯ ಪದ್ಧತಿ. ಬೇಡವಾದ ನಾಯಕನನ್ನು ಕಾರ್ಮಿಕರು ಗುಪ್ತ ಮತದಿಂದ ಇಳಿಸಬಹುದಾದಲ್ಲಿ, ನಾಯಕ ಮಾರಿಹೋದನೇ ಎಂಬ ಪಿಸುಮಾತಿಗೆ ಬದಲು ಲೆಕ್ಕ ಕೇಳುವ ದಾರಿ ಇರುತ್ತದೆ. ಕೆ.ಜಿ.ಎಫ್. ಕಲಿಸಿದ ಪಾಠ ಹಟ್ಟಿಗೂ ಅನ್ವಯಿಸುತ್ತದೆ. ಯಾವ ಗಣಿಯೂ ಅಕ್ಷಯಪಾತ್ರೆಯಲ್ಲ.

ಹೀಗಾಗಿ ಮೂರನೆಯ ಅಳತೆ: ನಾಯಕ ಹೋದ ಮೇಲೆ ಏನು ಉಳಿಯುತ್ತದೆ?

ಈ ಪ್ರಶ್ನೆಯನ್ನು ಮಂಗಳೂರಿನಲ್ಲಿ ಹುಟ್ಟಿದ ಒಬ್ಬ ಪ್ರಸಿದ್ಧ ಸಮಾಜವಾದಿಗೆ ಹಚ್ಚಿ ನೋಡೋಣ. ಜಾರ್ಜ್ ಫರ್ನಾಂಡಿಸ್ ಅವರ ಹೆಸರು ಕೇಳದವರು ವಿರಳ. 1974ರ ಮೇ 8ರಂದು ಅವರ ನಾಯಕತ್ವದಲ್ಲಿ ಆರಂಭವಾದ ರೈಲ್ವೆ ಮುಷ್ಕರದಲ್ಲಿ ಲಕ್ಷಾಂತರ ನೌಕರರು ಪಾಲ್ಗೊಂಡರು. ಸರ್ಕಾರ ಬಹಳ ಕಠೋರವಾಗಿ ನಡೆದುಕೊಂಡಿತು. ಇಪ್ಪತ್ತು ದಿನಗಳಲ್ಲಿ ಮುಷ್ಕರ ಮುರಿಯಿತು. ಬೇಡಿಕೆಗಳಲ್ಲಿ ಬೋನಸ್ಸು ಮುಖ್ಯವಾಗಿತ್ತು. ಸೋತ ಮುಷ್ಕರದ ಆ ಬೇಡಿಕೆ 1979ರಲ್ಲಿ ರೈಲ್ವೆ ನೌಕರರಿಗೆ ದಕ್ಕಿತು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡ ಫರ್ನಾಂಡಿಸ್ 1977ರಲ್ಲಿ ಮಂತ್ರಿಯಾದರು. 1998ರಿಂದ 2004ರವರೆಗಿನ ಅವಧಿಯಲ್ಲಿ ಬಹುಕಾಲ ರಕ್ಷಣಾ ಮಂತ್ರಿಯಾಗಿದ್ದರು. ಅವರ ಹಳೆಯ ಒಡನಾಡಿಗಳಲ್ಲಿ ಅನೇಕರಿಗೆ ಆ ಕೊನೆಯ ದಾರಿ ಒಪ್ಪಿಗೆಯಾಗಲಿಲ್ಲ. 2019ರಲ್ಲಿ ಅವರು ತೀರಿಕೊಂಡಾಗ ಅವರನ್ನು ಹೊಗಳಿದವರೂ ದೂರಿದವರೂ ಇದ್ದರು.

ನಾವು ವಿದ್ಯಾರ್ಥಿಗಳಂತೆ ವಿಚಾರ ಮಾಡೋಣ. ಒಬ್ಬ ಮನುಷ್ಯನ ಇಡೀ ಬದುಕಿಗೆ ಒಂದೇ ಅಂಕ ಕೊಡಲು ಬರುವುದಿಲ್ಲ. ರೈಲ್ವೆ ನೌಕರನಿಗೆ ಬೋನಸ್ಸು ಉಳಿಯಿತು, ಅದು ನಾಯಕನ ನಂತರವೂ ಉಳಿದ ಸಾಧನೆ. ಆದರೆ ಕಾರ್ಮಿಕರ ಒಗ್ಗಟ್ಟು ನಾಯಕನೊಬ್ಬನ ಹೆಸರಿಗೇ ಅಂಟಿಕೊಂಡಿದ್ದಲ್ಲಿ, ಅವನು ಬೇರೆ ದಾರಿ ಹಿಡಿದ ದಿನ ಅವರು ದಿಕ್ಕು ತಪ್ಪಿದವರಂತಾಗುತ್ತಾರೆ. ನಾಯಕ ಬದಲಾದನೆಂದು ಬೈದರೆ ಸಾಲದು. ಅವನು ಬದಲಾದರೂ ತಾನು ನಿಲ್ಲುವಂಥ ಸಂಘವನ್ನು ಕಟ್ಟಿಕೊಂಡಿದ್ದೆವೇ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. "ಸುಧಾರಣೆ ಕಾರ್ಮಿಕರ ಸಿಟ್ಟನ್ನು ತಣ್ಣಗಾಗಿಸುತ್ತದೆ. ಒಂದು ರೂಪಾಯಿ ಕೊಟ್ಟು ಹತ್ತು ರೂಪಾಯಿಯ ಪ್ರಶ್ನೆಯನ್ನು ಮರೆಸುತ್ತದೆ. ಆದ್ದರಿಂದ ಸುಧಾರಣಾವಾದಿ ನಾಯಕ ಕೊನೆಗೆ ಯಜಮಾನನಿಗೇ ಉಪಕಾರಿ" ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯದ ಅಂಶವಿದೆ. ನಾಯಕ ಬಾಗಿಲು ಹಾಕಿಕೊಂಡು ಮಾತಾಡಿ, ಹೊರಗೆ ಬಂದು ದರ ಘೋಷಿಸಿ, ಹಾರ ಹಾಕಿಸಿಕೊಂಡು ಹೋದರೆ ಆಗುವುದು ಹಾಗೆಯೇ. ಕಾರ್ಮಿಕರು ಕಲಿಯುವುದು ಕಾಯುವುದನ್ನು ಮಾತ್ರ. ಆದರೆ ಇಂದಿನ ಒಂದು ರೂಪಾಯಿ ಬೇಡ, ನಾಳೆಯ ಕ್ರಾಂತಿಗೆ ಕಾದಿರು ಎಂದು ಹಮಾಲನಿಗೆ ಹೇಳುವ ಹಕ್ಕು ಯಾರಿಗಿದೆ? ಚೀಲ ಹೊರುವ ಬೆನ್ನು ಅವನದು. ಮನೆಯಲ್ಲಿ ಒಲೆ ಹೊತ್ತಬೇಕಾದದ್ದು ಇಂದು ಸಂಜೆ. ಹಸಿದವನ ಹೆಸರಿನಲ್ಲಿ ಹಸಿವನ್ನು ಮುಂದುವರಿಸುವ ಸಿದ್ಧಾಂತವೂ ಅವನ ಸೇವೆ ಮಾಡಿದಂತಾಗುವುದಿಲ್ಲ.

ಇನ್ನೊಂದು ಕಡೆ, ಕಾನೂನಾಯಿತು, ಇನ್ನೇನು ಚಿಂತೆ ಎಂದು ಕೂರುವವರಿಗೂ ಎಚ್ಚರಿಕೆ ಬೇಕು. ಕಾನೂನಿನಿಂದ ಬಂದದ್ದು ಕಾನೂನಿನಿಂದಲೇ ಹೋಗಬಹುದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಶಾಸನದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆಯಲಾಯಿತು. 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ರಾಜ್ಯದಲ್ಲಿ ತಿದ್ದುಪಡಿಯಾಗಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ಕೆಲಸ ಮಾಡಿಸಲು ಅವಕಾಶವಾಯಿತು. ಇವು ಸರಿಯೋ ತಪ್ಪೋ ಎಂಬ ಬಗ್ಗೆ ವಾದಗಳಿವೆ. ನಾನು ಹೇಳಹೊರಟಿರುವುದು ಇಷ್ಟೆ: ಸುಧಾರಣೆಯನ್ನು ಕಾಯುವ ಸಂಘಟನೆ ಸಡಿಲವಾದರೆ, ಇಪ್ಪತ್ತು ವರ್ಷ ದುಡಿದು ಗಳಿಸಿದ್ದನ್ನು ಒಂದು ಅಧಿವೇಶನದಲ್ಲಿ ಬದಲಿಸಬಹುದು.

ಈಗ ಮೂರು ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಕೊಳಗ ಯಾರ ಕೈಗೆ ಬಂತು? ಹೊರಗೆ ಉಳಿದವರು ಯಾರು? ನಾಯಕ ಹೋದ ಮೇಲೆ ಏನು ಉಳಿಯಿತು? ಮೂರೂ ಹೇಳುವುದು ಕೊನೆಗೆ ಒಂದೇ ಮಾತು. ದುಡಿಯುವವರು ತನ್ನ ನೆರವಿಲ್ಲದೆಯೂ ನಿಲ್ಲುವಂತೆ ಮಾಡಿದಷ್ಟು ಮಟ್ಟಿಗೆ ಒಬ್ಬ ನಾಯಕ ಅವರ ಸೇವೆ ಮಾಡಿದ್ದಾನೆ. ಅವನು ಸುಧಾರಣಾವಾದಿಯೋ ಕ್ರಾಂತಿಕಾರಿಯೋ ಎಂಬ ಹೆಸರಿನ ಚೀಟಿಗಿಂತ ಇದು ಮುಖ್ಯ.

ಸಂತೆಕಲ್ಲೂರಿಗೆ ದೂರವಲ್ಲದ ಮಸ್ಕಿಯಲ್ಲಿ ಅಶೋಕನ ಬಂಡೆ ಶಾಸನವಿದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಆ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಗಣಿಯ ಒಬ್ಬ ಎಂಜಿನಿಯರು, ಸಿ. ಬೀಡನ್. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬಾರದು, ಸಣ್ಣವರೂ ಪ್ರಯತ್ನದಿಂದ ಪಡೆಯಬಲ್ಲರು ಎಂಬ ಭಾವ ಅದರಲ್ಲಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚಕ್ರವರ್ತಿಯೊಬ್ಬ ಸಣ್ಣವರಿಗೆ ಈ ಮಾತು ಹೇಳಿದ. ಒಳ್ಳೆಯದೇ. ಆದರೆ ಮೇಲಿನವರು ಬಂಡೆಯ ಮೇಲೆ ಕೊರೆಸಿದ ಮಾತು ಕೆಳಗಿನವರ ಬದುಕಿನಲ್ಲಿ ನಿಜವಾಗಬೇಕಾದರೆ, ಅದನ್ನು ಓದಿ ಕೇಳುವವರು ಬೇಕು.

ಅದಕ್ಕಾಗಿ ನಿಮಗೊಂದು ಕೆಲಸ ಕೊಡುತ್ತೇನೆ. ನಿಮ್ಮ ಊರಿನಲ್ಲಿ ಒಂದು ಸಂಘವನ್ನು ಆರಿಸಿಕೊಳ್ಳಿ. ಹಮಾಲರ ಸಂಘ, ಅಂಗನವಾಡಿ ಕಾರ್ಯಕರ್ತೆಯರ ಸಂಘ, ಕಟ್ಟಡ ಕಾರ್ಮಿಕರ ಸಂಘ, ಯಾವುದಾದರೂ ಆದೀತು. ಹೋಗಿ ವಿನಯದಿಂದ ಕೇಳಿ. ದರ ಅಥವಾ ಗೌರವಧನ ಎಷ್ಟಿದೆ, ಅದನ್ನು ಯಾರು ಮಾತಾಡಿ ಗೊತ್ತುಮಾಡಿದರು? ಮಾತುಕತೆಗೆ ದುಡಿಯುವವರೇ ಒಬ್ಬಿಬ್ಬರು ಹೋಗಿದ್ದರೇ? ಸಂಘದ ಲೆಕ್ಕವನ್ನು ಸಭೆಯಲ್ಲಿ ಓದುತ್ತಾರೆಯೇ? ಸಂಘಕ್ಕೆ ಸೇರದವರು ಯಾರು, ಏಕೆ ಸೇರಿಲ್ಲ? ಉತ್ತರಗಳನ್ನು ಬರೆದುಕೊಳ್ಳಿ. ಮೊದಲೇ ತೀರ್ಪು ಬರೆದುಕೊಂಡು ಹೋಗಬೇಡಿ, ಅದೇ ಶೂನ್ಯ ದೋಷ.

ಕಡೆಯದಾಗಿ, ಸಂತೆಕಲ್ಲೂರಿನ ಆ ಹುಡುಗನಿಗೆ ನಾನು ಕೊಡಬೇಕಾಗಿರುವ ಉತ್ತರ. ತಮ್ಮಾ, ನಿನ್ನ ತಂದೆಗೆ ಸಿಕ್ಕ ಆ ಒಂದು ರೂಪಾಯಿ ಸಣ್ಣದಲ್ಲ, ಅದಕ್ಕಾಗಿ ಅವರು ನಾಲ್ಕು ದಿನದ ಕೂಲಿ ಬಿಟ್ಟಿದ್ದಾರೆ. ಆ ಲೀಡರ್ ಯಾರ ಪೈಕಿ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಮುಂದಿನ ಸಲ ಸಾಹುಕಾರರೊಂದಿಗೆ ಮಾತುಕತೆಗೆ ಹೋಗುವಾಗ "ನಮ್ಮಲ್ಲಿ ಇಬ್ಬರು ಬರ್ತೀವಿ" ಎಂದು ನಿನ್ನ ತಂದೆ ಮತ್ತು ಅವರ ಜೊತೆಯವರು ಲೀಡರ್‌ಗೆ ಹೇಳಲಿ. ಬೆನ್ನು ನೋವಿನ ಮಾತನ್ನೂ, ಚೀಲದ ತೂಕದ ಮಾತನ್ನೂ ಅಲ್ಲಿ ಎತ್ತಲಿ. ಅವನು ಅವರನ್ನು ಜೊತೆಗೆ ಕರೆದುಕೊಂಡು ಹೋದರೆ ನಿಮ್ಮ ಪೈಕಿ. ಬೇಡ ಎಂದರೆ, ಏಕೆ ಬೇಡ ಎಂದು ಕೇಳಲು ನಿಮಗೆ ಹಕ್ಕಿದೆ.